ಹಾರರ್ ಟ್ರೇಲರ್ ಪ್ರಶ್ನಾವಳಿ: ‘ಭಯ ಆಯ್ತಾ’ ಅಂತ ಕೇಳಿದ್ರೆ ಸಾಕಾ, ಬೇರೆ ಪದ ಬೇಕಾ?

ಎಲ್ಲರಿಗೂ ನಮಸ್ಕಾರ. ಫಿಲ್ಮ್ ಕೋರ್ಸ್ ಓದ್ತಿರೋ ಕೆಲವು ವಿದ್ಯಾರ್ಥಿಗಳು ಒಂದು ಹಾರರ್ ಸಿನಿಮಾಗೆ ಟ್ರೇಲರ್ ಮಾಡೋ ತಯಾರಿಯಲ್ಲಿದ್ದಾರೆ. ಕ್ಯಾಮೆರಾ ಮುಟ್ಟೋಕ್ಕೆ ಮುಂಚೆ ಇದನ್ನ ಯಾರು ನೋಡ್ತಾರೆ, ಅವರಿಗೆ ಏನು ಹಿಡಿಸುತ್ತೆ, ಯಾವುದಕ್ಕೆ ಹೆದರ್ತಾರೆ, ಎಷ್ಟು ತೋರಿಸಿದ್ರೆ ಕಥೆ ಬಿಟ್ಟುಕೊಟ್ಟ ಹಾಗಾಗುತ್ತೆ ಅಂತೆಲ್ಲ ಜನರನ್ನ ಕೇಳಿ ತಿಳ್ಕೋಬೇಕು, ಹಾಗಾಗಿ ಒಂದು ಪ್ರಶ್ನಾವಳಿ ಮಾಡಿದ್ದಾರೆ, ಜೊತೆಗೆ ಒಂದಿಷ್ಟು ಮಾದರಿ ತುಣುಕು ತೋರಿಸಿ ಸಣ್ಣ ಗುಂಪುಗಳ ಜೊತೆ ಕೂತು ಮಾತಾಡೋ ಯೋಚನೆನೂ ಇದೆ. ಪ್ರಶ್ನೆಗಳ ಕನ್ನಡ ಸರಿಯಾಗಿದೆಯಾ ನೋಡಿ ಅಂತ ನನಗೆ ಕೊಟ್ಟಿದ್ದಾರೆ. ವ್ಯಾಕರಣದ ತಪ್ಪು ಹೆಚ್ಚೇನಿಲ್ಲ. ಆದ್ರೆ ಹತ್ತಾರು ಕಡೆ ‘ಭಯ’ ಅನ್ನೋ ಒಂದೇ ಪದ ಬಂದಿದೆ, ಆ ಒಂದು ಪದ ಅಷ್ಟೂ ಕೆಲಸ ಮಾಡಲ್ಲ ಅಂತ ನನಗೆ ಗಟ್ಟಿಯಾಗಿ ಅನ್ನಿಸ್ತಿದೆ. ಪದ ಸಡಿಲ ಆದ್ರೆ ಬರೋ ಉತ್ತರನೂ ಸಡಿಲ, ಅದನ್ನ ನಂಬಿ ಇವರು ಶಾಟ್ ಆರಿಸೋದು, ಸೌಂಡ್ ಹಾಕೋದು. ಅದಕ್ಕೇ ಇಲ್ಲಿ ಸ್ವಲ್ಪ ಉದ್ದಕ್ಕೇ ಕೇಳ್ತಿದ್ದೀನಿ.

ಮೊದಲು ‘ಭಯಂಕರ’ದ ವಿಚಾರ. ಒಂದು ಪ್ರಶ್ನೆ ಹೀಗಿದೆ: ‘ಟ್ರೇಲರ್ ಭಯಂಕರವಾಗಿತ್ತೇ?’ ಓದಿದ ತಕ್ಷಣ ತೊಂದರೆ ಕಾಣುತ್ತೆ. ಮಾತಲ್ಲಿ ಭಯಂಕರ ಅಂದ್ರೆ ಈಗ ‘ತುಂಬಾ’ ಅಂತ ಅಷ್ಟೇ. ಭಯಂಕರ ಬಿಸಿಲು, ಭಯಂಕರ ರಶ್ಶು, ಭಯಂಕರ ಚೆನ್ನಾಗಿ ಹಾಡ್ತಾಳೆ ಅಂತೀವಿ, ಅಲ್ಲಿ ಭಯದ ಸುಳಿವೇ ಇಲ್ಲ. ಹಾಗಿರುವಾಗ ಒಬ್ಬ ಹುಡುಗ ಖಾಲಿ ಜಾಗದಲ್ಲಿ ‘ಭಯಂಕರ ಆಗಿದೆ ಗುರೂ’ ಅಂತ ಬರೆದ್ರೆ ಅದನ್ನ ‘ಹೆದರಿದವರು’ ಅನ್ನೋ ಲೆಕ್ಕಕ್ಕೆ ಸೇರಿಸೋದಾ, ‘ಮೆಚ್ಚಿದವರು’ ಲೆಕ್ಕಕ್ಕಾ? ‘ಭೀಕರ’ ಹಾಗಲ್ಲ, ಅದು ಕೆಟ್ಟದ್ದರ ಜೊತೆಗೇ ನಿಂತಿದೆ, ಭೀಕರ ಅಪಘಾತ, ಭೀಕರ ಬರಗಾಲ, ‘ಭೀಕರ ಚೆನ್ನಾಗಿದೆ’ ಅನ್ನೋದು ನನ್ನ ಕಿವಿಗಂತೂ ಒಗ್ಗಲ್ಲ. ಆದ್ರೆ ಟ್ರೇಲರ್ ಭೀಕರವಾಗಿತ್ತು ಅಂದ್ರೆ ಅಷ್ಟು ಕೆಟ್ಟದಾಗಿ ಮಾಡಿದ್ದಾರೆ ಅಂತಲೂ ಅರ್ಥ ಆಗಬಹುದು! ‘ಭಯಾನಕ’ ಅರ್ಥಕ್ಕೆ ಹತ್ತಿರ ಇದೆ, ಪೋಸ್ಟರ್ ಮೇಲೆ ಚೆನ್ನಾಗಿ ಕೂರುತ್ತೆ, ಆದ್ರೆ ಹದಿನೇಳು ಹದಿನೆಂಟು ವರ್ಷದವರು ಬಾಯಿಬಿಟ್ಟು ಹೇಳೋ ಪದ ಅದಲ್ಲ. ಹಾಗಾಗಿ ಪ್ರಶ್ನೆಯಲ್ಲಿ ಈ ಮೂರೂ ಬೇಡ ಅನ್ನೋದು ನನ್ನ ಅಭಿಪ್ರಾಯ. ಉತ್ತರದಲ್ಲಿ ಬಂದ್ರೆ ಅಕ್ಕಪಕ್ಕದ ಮಾತು ನೋಡಿ ತೀರ್ಮಾನ ಮಾಡಬೇಕು, ಪದ ಮಾತ್ರ ಎಣಿಸಿದ್ರೆ ಲೆಕ್ಕ ದಾರಿ ತಪ್ಪುತ್ತೆ.

ಎರಡನೇದು ವಾಕ್ಯದ ರಚನೆ. ಇದರ ಬಗ್ಗೆ ವ್ಯಾಕರಣ ಬಲ್ಲವರು ಖಂಡಿತ ಹೇಳಬೇಕು. ಒಂದೇ ವಿಷಯವನ್ನ ಮೂರು ಥರ ಕೇಳಬಹುದು: ‘ನೀವು ಹೆದರ್ಕೊಂಡ್ರಾ?’, ‘ನಿಮಗೆ ಭಯ ಆಯ್ತಾ?’, ‘ಟ್ರೇಲರ್ ನಿಮ್ಮನ್ನ ಹೆದರಿಸ್ತಾ?’ ಮೊದಲನೇದರಲ್ಲಿ ಹೆದರೋ ಕೆಲಸ ಉತ್ತರ ಕೊಡೋನ ತಲೆಮೇಲೇ ಬೀಳುತ್ತೆ, ಅದರಲ್ಲೂ ಆ ‘ಕೊಳ್ಳು’ ಸೇರಿದಾಗ ಅವನೇ ಮಾಡಿಕೊಂಡ ಹಾಗೆ ಕೇಳಿಸುತ್ತೆ, ಧೈರ್ಯ ಪರೀಕ್ಷೆ ಮಾಡ್ತಿದ್ದಾರೆ ಅನ್ನಿಸುತ್ತೆ, ಸ್ನೇಹಿತರು ಪಕ್ಕದಲ್ಲಿದ್ರಂತೂ ‘ಇಲ್ಲಪ್ಪ, ಏನಿಲ್ಲ’ ಅನ್ನೋದೇ ಗ್ಯಾರಂಟಿ. ಎರಡನೇದರಲ್ಲಿ ‘ನಿಮಗೆ’ ಅನ್ನೋ ಚತುರ್ಥಿ ವಿಭಕ್ತಿ ಬಂದು ಭಯ ತಾನಾಗೇ ಆದದ್ದು ಅಂತ ಆಗುತ್ತೆ, ಹಸಿವಾಯ್ತು, ಚಳಿ ಆಯ್ತು, ನಿದ್ದೆ ಬಂತು ಅನ್ನೋ ಹಾಗೆ, ಅದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ. ಮೂರನೇದರಲ್ಲಿ ಹೊಣೆ ಪೂರ್ತಿ ಟ್ರೇಲರ್ ಮೇಲೆ, ಅಲ್ಲಿ ಉತ್ತರ ಕೊಡೋನು ವಿಮರ್ಶಕ ಆಗಿಬಿಡ್ತಾನೆ, ‘ಹೆದರಿಸೋಕೆ ನೋಡ್ತು, ಆಗ್ಲಿಲ್ಲ’ ಅಂತ ತೀರ್ಪು ಕೊಡ್ತಾನೆ. ಹಾಗಾಗಿ ಅನುಭವ ಕೇಳೋ ಕಡೆ ‘ನಿಮಗೆ … ಆಯ್ತಾ’, ಕೆಲಸ ಹೇಗಿದೆ ಅಂತ ಕೇಳೋ ಕಡೆ ‘ಹೆದರಿಸ್ತಾ’ ಇಡೋಣ, ‘ಹೆದರ್ಕೊಂಡ್ರಾ’ ಪೂರ್ತಿ ಬಿಡೋಣ ಅಂತ ಅವರಿಗೆ ಹೇಳಿದ್ದೀನಿ. ಇದಕ್ಕೆ ಎದುರು ಅಭಿಪ್ರಾಯ ಇದ್ರೆ ತಿಳಿಸಿ.

ಇನ್ನು ಮುಖ್ಯ ವಿಷಯ. ಹಾರರ್ ಟ್ರೇಲರ್ ಸಾಮಾನ್ಯವಾಗಿ ಎರಡು, ಎರಡೂವರೆ ನಿಮಿಷ ಇರುತ್ತೆ, ಅಷ್ಟರಲ್ಲೇ ನೋಡೋರಿಗೆ ನಾಲ್ಕೈದು ಬೇರೆಬೇರೆ ಅನುಭವ ಆಗುತ್ತೆ, ಅದನ್ನೆಲ್ಲ ‘ಭಯ’ ಅಂತ ಒಂದೇ ಡಬ್ಬಕ್ಕೆ ಹಾಕಿದ್ರೆ ಯಾವ ಶಾಟ್ ಏನು ಮಾಡ್ತು ಅಂತ ಗೊತ್ತೇ ಆಗಲ್ಲ. ಜಂಪ್‌ಸ್ಕೇರ್ ತಗೊಳ್ಳಿ. ಪೂರ್ತಿ ನಿಶ್ಶಬ್ದ, ಆಮೇಲೆ ದಿಢೀರ್ ಅಂತ ಒಂದು ದೊಡ್ಡ ಸದ್ದು, ಪರದೆ ತುಂಬ ಒಂದು ಮುಖ. ಆಗ ಕಣ್ಣು ಮಿಟುಕುತ್ತೆ, ಭುಜ ಮೇಲೇಳುತ್ತೆ, ಕತ್ತು ಒಳಗೆ ಹೋಗುತ್ತೆ, ಇದೆಲ್ಲ ಏನು ನೋಡಿದೆ ಅಂತ ಮನಸ್ಸಿಗೆ ತಿಳಿಯೋಕ್ಕೆ ಮುಂಚೆನೇ ಮೈ ಮಾಡೋ ಕೆಲಸ, ಎಂಥ ಧೈರ್ಯವಂತನಿಗೂ ಆಗುತ್ತೆ, ಹಿಂದೆ ಯಾರೋ ಬಾಗಿಲು ಬಡಿದ್ರೂ ಆಗುತ್ತೆ. ಇದಕ್ಕೆ ನಮ್ಮಲ್ಲಿ ಚೆಂದದ ಪದ ಇದೆ: ಬೆಚ್ಚಿಬೀಳೋದು. ಇನ್ನೂ ಜೋರಾದ್ರೆ ಹೌಹಾರೋದು. ಬೆಚ್ಚಿಬಿದ್ದೋನು ಮರುಕ್ಷಣ ನಗ್ತಾನೆ, ಹೆದರಿದೋನು ನಗಲ್ಲ, ಆದ್ರೆ ನಮ್ಮ ಪ್ರಶ್ನಾವಳಿಯಲ್ಲಿ ಇಬ್ಬರೂ ‘ಭಯವಾಯಿತು’ ಅನ್ನೋ ಒಂದೇ ಚೌಕಕ್ಕೆ ಟಿಕ್ ಹಾಕ್ತಾರೆ. ‘ಬೆಚ್ಚಿಬಿದ್ರಾ?’ ಅಂತ ಬೇರೆ ಪ್ರಶ್ನೆ ಇಟ್ಟರೆ ವಿದ್ಯಾರ್ಥಿಗಳಿಗೆ ತಾವು ಬರೀ ಸದ್ದಿನಿಂದ ಗೆಲ್ತಿದ್ದೀವಾ ಅಥವಾ ಕಥೆ ನಿಜಕ್ಕೂ ಹಿಡಿತಾ ಅಂತ ಗೊತ್ತಾಗುತ್ತೆ.

ಹಾಗೇ ರಕ್ತ, ಹುಳು, ಕೊಳೆತ ಮೈ ಇದನ್ನೆಲ್ಲ ನೋಡಿದಾಗ ಆಗೋದು ಅಸಹ್ಯ, ಹೇಸಿಗೆ. ಭಯ, ಹೇಸಿಗೆ ಇವೆರಡನ್ನ ನಮ್ಮ ಹಳೇ ರಸ ವಿಚಾರದಲ್ಲೇ ಬೇರೆ ಮಾಡಿ ಇಟ್ಟಿದ್ದಾರೆ ಅನ್ನೋದು ನನಗೆ ತುಂಬಾ ಇಷ್ಟವಾದ ವಿಷಯ: ಭರತ ನಾಟ್ಯಶಾಸ್ತ್ರದಲ್ಲಿ ಹೇಳೋ ಎಂಟು ರಸದಲ್ಲಿ ಭಯಾನಕಕ್ಕೆ ಸ್ಥಾಯಿಭಾವ, ಅಂದ್ರೆ ಮೂಲ ಭಾವ, ಭಯ, ಬೀಭತ್ಸಕ್ಕೆ ಜುಗುಪ್ಸೆ. ಈಗಿನ ಮಾತಲ್ಲಿ ಜುಗುಪ್ಸೆ ಅಂದ್ರೆ ಬೇಜಾರು, ವೈರಾಗ್ಯ ಅನ್ನೋ ಕಡೆಗೆ ವಾಲಿದೆ, ಜೀವನದಲ್ಲಿ ಜುಗುಪ್ಸೆ ಬಂತು ಅಂತ ದಿನಾ ಓದ್ತೀವಲ್ಲ, ಹಾಗಾಗಿ ಪ್ರಶ್ನಾವಳಿಗೆ ಅದು ಆಗಲ್ಲ. ‘ಅಸಹ್ಯ ಅನ್ನಿಸ್ತಾ’ ಅಂದ್ರೆ ಟ್ರೇಲರ್ ಅಸಭ್ಯವಾಗಿದೆ ಅಂತ ದೂರುತ್ತಿರೋ ಹಾಗೂ ಆಗುತ್ತೆ. ‘ಹೇಸಿಗೆ ಆಯ್ತಾ’, ‘ಹೊಟ್ಟೆ ತೊಳಸ್ತಾ’ ಇವೇ ನೇರ ಅನ್ನಿಸುತ್ತೆ. ನಿಮ್ಮ ಕಡೆ ಇದಕ್ಕೆ ಏನಂತೀರಿ?

ಅದೇ ಗ್ರಂಥದ ಇನ್ನೊಂದು ಮಾತು ಈ ಕೆಲಸಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತೆ. ಸಾತ್ತ್ವಿಕ ಭಾವ ಅಂತ ಎಂಟನ್ನ ಹೇಳಿದ್ದಾರಲ್ಲ, ಸ್ತಂಭ (ಮೈ ಮರಗಟ್ಟೋದು), ಸ್ವೇದ (ಬೆವರು), ರೋಮಾಂಚ, ಸ್ವರಭೇದ (ದನಿ ಒಡೆಯೋದು), ವೇಪಥು (ನಡುಕ), ವೈವರ್ಣ್ಯ (ಮುಖದ ಬಣ್ಣ ಕೆಡೋದು), ಅಶ್ರು (ಕಣ್ಣೀರು), ಪ್ರಲಯ (ಎಚ್ಚರ ತಪ್ಪೋದು). ಅವು ನಟನ ಮೈಮೇಲೆ ಕಾಣಬೇಕಾದವು, ನೋಡೋನ ಮೇಲಲ್ಲ, ಸರಿ. ಆದ್ರೆ ಮನಸ್ಸಿನೊಳಗಿನದ್ದನ್ನ ಮೈಯ ಗುರುತಿನಿಂದ ಹಿಡಿಯೋ ಆ ದಾರಿ ಇಲ್ಲೂ ಸಲ್ಲುತ್ತೆ. ‘ಎಷ್ಟು ಭಯ ಆಯ್ತು’ ಅಂತ ಕೇಳಿದ್ರೆ ಜನ ಲೆಕ್ಕ ಹಾಕಿ ಉತ್ತರ ಕೊಡ್ತಾರೆ, ‘ನೋಡುವಾಗ ಏನಾಯ್ತು’ ಅಂತ ಕೇಳಿದ್ರೆ ನೆನಪಿಸಿಕೊಂಡು ಕೊಡ್ತಾರೆ. ಹಾಗಾಗಿ ಟಿಕ್ ಮಾಡೋಕೆ ಇಂಥವು ಕೊಟ್ಟರೆ ಹೇಗೆ: ಉಸಿರು ಬಿಗಿಹಿಡಿದೆ, ಮೈ ಜುಮ್ ಅಂತು, ಎದೆ ಧಸಕ್ ಅಂತು, ಕೈಕಾಲು ತಣ್ಣಗಾಯ್ತು, ಕಣ್ಣು ಮುಚ್ಚಿಕೊಂಡೆ, ಸೌಂಡ್ ಕಮ್ಮಿ ಮಾಡಿದೆ, ಹಿಂದೆ ತಿರುಗಿ ನೋಡಿದೆ. ಇದರಲ್ಲಿ ‘ಮೈ ಜುಮ್’ ಬಗ್ಗೆ ಮಾತ್ರ ನನಗೆ ಅನುಮಾನ, ಒಳ್ಳೇ ಹಾಡು ಕೇಳಿದ್ರೂ ಮೈ ಜುಮ್ ಅನ್ನುತ್ತೆ. ‘ರೋಮಾಂಚನ’ ಅಂತೂ ಈಗ ಪೂರ್ತಿ ಖುಷಿಯ ಕಡೆಗೇ ಹೋಗಿಬಿಟ್ಟಿದೆ, ಕ್ರಿಕೆಟ್ ಪಂದ್ಯಕ್ಕೆ ರೋಮಾಂಚಕ ಗೆಲುವು ಅಂತಾರೆ, ಹಾರರ್‌ಗೆ ಅದನ್ನ ತಂದ್ರೆ ಮತ್ತೆ ಗೊಂದಲ.

ಅಳತೆ ಪಟ್ಟಿ ಇನ್ನೊಂದು ತಲೆನೋವು. 1932ರಲ್ಲಿ ರೆನ್ಸಿಸ್ ಲಿಕರ್ಟ್ ಅನ್ನೋ ಮನಶ್ಶಾಸ್ತ್ರಜ್ಞ ಪ್ರಕಟಿಸಿದ ಐದು ಮೆಟ್ಟಿಲಿನ ಅಳತೆ ಈಗ ಎಲ್ಲ ಫಾರ್ಮ್‌ಗಳಲ್ಲೂ ಇದೆ, ಇವರೂ ಅದನ್ನೇ ಇಟ್ಟಿದ್ದಾರೆ: ಪೂರ್ಣವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಖಂಡಿತ ಒಪ್ಪುವುದಿಲ್ಲ. ‘ತಟಸ್ಥ’ ಅಂದ್ರೆ ಯಾವ ಪಕ್ಷಕ್ಕೂ ಸೇರದೆ ಇರೋದು, ಎರಡು ಕಡೆಯವರು ಜಗಳ ಆಡ್ತಿರಬೇಕು ಅದಕ್ಕೆ. ಟ್ರೇಲರ್ ನೋಡಿ ಅಷ್ಟೇನೂ ಅನ್ನಿಸದೆ ಇರೋನು ತಟಸ್ಥ ಅಲ್ಲ, ಅವನು ‘ಅಂಥದ್ದೇನೂ ಅನ್ನಿಸ್ಲಿಲ್ಲ’ ಅಂತಾನೆ. ಅದನ್ನೇ ಬರೆಯೋಣ ಅಂದೆ. ಮಧ್ಯದ ಮೆಟ್ಟಿಲಿಗೆ ಒಬ್ಬರು ‘ಸುಮಾರು’ ಅಂತ ಸೂಚಿಸಿದ್ರು, ಆದ್ರೆ ಅದು ಎರಡೂ ಕಡೆ ಕುಯ್ಯುತ್ತೆ: ‘ಸುಮಾರಾಗಿದೆ’ ಅಂದ್ರೆ ಅಷ್ಟಕ್ಕಷ್ಟೇ, ‘ಸುಮಾರು ಜನ ಬಂದಿದ್ರು’ ಅಂದ್ರೆ ಸಾಕಷ್ಟು ಜನ. ‘ಸುಮಾರು ಭಯ ಆಯ್ತು’ ಅಂದ್ರೆ ಕಮ್ಮಿನಾ ಜಾಸ್ತಿನಾ? ‘ಪರವಾಗಿಲ್ಲ’ ಇನ್ನೂ ಕಷ್ಟ, ಅದು ಹೇಳೋ ಧ್ವನಿ ಮೇಲೆ ಹೋಗುತ್ತೆ, ಎಳೆದು ಹೇಳಿದ್ರೆ ಹೊಗಳಿಕೆ, ಚುಟುಕಾಗಿ ಹೇಳಿದ್ರೆ ಬಿಟ್ಹಾಕು ಅಂತ, ಬರಹದಲ್ಲಿ ಧ್ವನಿ ಎಲ್ಲಿಂದ ಬರಬೇಕು. ನನ್ನ ಕಡೆಯಿಂದ ‘ಏನೂ ಇಲ್ಲ, ಚೂರು, ಒಂದು ಮಟ್ಟಿಗೆ, ಜಾಸ್ತಿನೇ, ತಡೆಯೋಕೇ ಆಗ್ಲಿಲ್ಲ’ ಅಂತ ಇದೆ. ‘ಒಂದು ಮಟ್ಟಿಗೆ’ ಮಧ್ಯದಲ್ಲಿ ನಿಲ್ಲುತ್ತಾ ಅಂತ ಇನ್ನೂ ನೋಡ್ತಿದ್ದೀನಿ.

ಬೇಗ ಮುಗಿಸಬಹುದಾದ ಎರಡು ಮೂರು. ‘ನಿಮಗೆ ದೆವ್ವದ ಸಿನಿಮಾ ಇಷ್ಟವೇ?’ ಅಂತಿತ್ತು. ಇವರ ಕಥೆಯಲ್ಲಿ ದೆವ್ವನೇ ಇಲ್ಲ, ಒಬ್ಬ ಮನುಷ್ಯ ಇನ್ನೊಬ್ಬನನ್ನ ಹಿಂಬಾಲಿಸೋ ಕಥೆ, ಅದನ್ನ ಇಷ್ಟಪಡೋರೇ ಈ ಪ್ರಶ್ನೆಗೆ ಇಲ್ಲ ಅಂದುಬಿಡ್ತಾರೆ, ‘ಹಾರರ್’ ಅಂತಲೇ ಬಿಡೋದು ವಾಸಿ, ಆ ಪದ ಈಗ ಎಲ್ಲರಿಗೂ ಗೊತ್ತು. ದೆವ್ವದ ಬದಲು ‘ಭೂತ’ ಹಾಕೋಣ ಅನ್ನೋರಿಗೆ ಬೇಡ ಅಂತ ಹೇಳ್ತೀನಿ, ಕರಾವಳಿಯವರಿಗೆ ಭೂತ ಅಂದ್ರೆ ನಂಬಿ ನಡ್ಕೊಳ್ಳೋ ದೈವ, ಹೆದರಿಸೋ ಪಾತ್ರ ಅಲ್ಲ. ಟಾರ್ಗೆಟ್ ಆಡಿಯನ್ಸ್‌ಗೆ ‘ಗುರಿ ಪ್ರೇಕ್ಷಕರು’ ಅಂತ ಬರೆದಿದ್ರು, ಬಂದೂಕು ಹಿಡಿದು ನಿಂತ ಹಾಗಿದೆ ಅದು, ‘ಉದ್ದೇಶಿತ ಪ್ರೇಕ್ಷಕರು’ ವರದಿಗೆ ಸಾಕು. ಪ್ರೇಕ್ಷಕರಾ ವೀಕ್ಷಕರಾ ಅನ್ನೋ ಪ್ರಶ್ನೆನೂ ಬಂತು, ಥಿಯೇಟರ್‌ಗೆ ಪ್ರೇಕ್ಷಕ, ಟೀವಿ ಮತ್ತು ಯೂಟ್ಯೂಬ್‌ಗೆ ವೀಕ್ಷಕ ಅಂತ ಬಳಕೆ ಬಿದ್ದಿದೆ, ಟ್ರೇಲರ್ ಎರಡೂ ಕಡೆ ಓಡೋದ್ರಿಂದ ನಾನು ‘ನೋಡುಗರು’ ಅಂತ ಹಾಕಿಸಿದ್ದೀನಿ. ಮತ್ತೆ ‘ಮ್ಯೂಸಿಕ್ ಮತ್ತು ಎಡಿಟಿಂಗ್ ಹೆದರಿಸುವಂತಿತ್ತೇ’ ಅನ್ನೋದು ಪದದ ಸಮಸ್ಯೆ ಅಲ್ಲ, ಒಂದೇ ವಾಕ್ಯದಲ್ಲಿ ಎರಡು ಪ್ರಶ್ನೆ, ಮ್ಯೂಸಿಕ್ ಇಷ್ಟವಾಗಿ ಎಡಿಟಿಂಗ್ ಆಗದೆ ಇದ್ದೋನು ಏನು ಬರೀಬೇಕು. ಅದನ್ನ ಒಡೆದು ಎರಡು ಮಾಡಿದ್ದಾಯ್ತು.

ಈಗ ನಿಜವಾಗಿ ನನಗೆ ಸಿಗದೆ ಇರೋ ಪದ. ಟ್ರೇಲರ್‌ನ ಮೊದಲ ಅರ್ಧದಲ್ಲಿ ಇನ್ನೂ ಏನೂ ಆಗಿರಲ್ಲ. ಒಂದು ಖಾಲಿ ಕಾರಿಡಾರ್, ಕೊನೇ ಬಾಗಿಲು ಅರ್ಧ ತೆರೆದಿದೆ, ಕ್ಯಾಮೆರಾ ನಿಧಾನಕ್ಕೆ ಹತ್ತಿರ ಹೋಗ್ತಿದೆ, ಕೆಳಗಿನ ಸ್ಥಾಯಿಯಲ್ಲಿ ಒಂದೇ ಸ್ವರ ಗುಂಯ್ ಅಂತಿದೆ. ಏನೋ ಆಗುತ್ತೆ ಅಂತ ಗೊತ್ತು, ಏನು ಅಂತ ಗೊತ್ತಿಲ್ಲ, ನೋಡಬೇಕು ಅಂತಲೂ ಇದೆ, ಬೇಡ ಅಂತಲೂ ಇದೆ. ಹಾರರ್‌ನ ಜೀವ ಇರೋದೇ ಅಲ್ಲಿ, ವಿದ್ಯಾರ್ಥಿಗಳು ಅಳೀಬೇಕು ಅಂತಿರೋದೂ ಅದನ್ನೇ. ‘ಆತಂಕ’ ಅಂದ್ರೆ ಸುದ್ದಿ ಚಾನೆಲ್ ನೆನಪಾಗುತ್ತೆ, ಮಳೆ ಹೆಚ್ಚಾದ್ರೂ ಆತಂಕ, ಬೆಲೆ ಏರಿದ್ರೂ ಆತಂಕ. ‘ಕಳವಳ’ ನಮ್ಮವರಿಗೆ ಏನಾಯ್ತೋ ಅನ್ನೋ ಚಿಂತೆ. ‘ದುಗುಡ’ದಲ್ಲಿ ದುಃಖ ಸೇರಿದೆ. ‘ಕುತೂಹಲ’ದಲ್ಲಿ ಹೆದರಿಕೆ ಇಲ್ಲ. ‘ಸಸ್ಪೆನ್ಸ್’ ಪತ್ತೇದಾರಿಗೂ ಸಲ್ಲುತ್ತೆ. ‘ಅಂಜಿಕೆ’ ದೊಡ್ಡವರ ಮುಂದೆ ಮಾತಾಡೋಕೂ ಇರುತ್ತೆ. ಉಳಿದದ್ದು ‘ದಿಗಿಲು’ ಮತ್ತು ‘ಅಳುಕು’. ದಿಗಿಲು ಸರಿಹೊಂದುತ್ತೆ ಅನ್ನಿಸಿದ್ರೂ ‘ದಿಗಿಲುಬಿದ್ದ’ ಅಂದಾಗ ಅದು ಥಟ್ಟನೆ ಆದ ಹಾಗೆ ನನಗೆ ಕೇಳಿಸುತ್ತೆ, ‘ಒಳಗೊಳಗೇ ದಿಗಿಲು’ ಅಂದಾಗ ಮಾತ್ರ ಆ ನಿಧಾನ ಬರುತ್ತೆ. ಅಳುಕು ನಿಧಾನದ್ದೇ, ಆದ್ರೆ ಅದರಲ್ಲಿ ಹಿಂಜರಿಕೆ ಹೆಚ್ಚು, ತಪ್ಪು ಮಾಡಿದೋನ ಮನಸ್ಸು ಅಳುಕೋ ಥರ.

ಹಾಗಾಗಿ ಕೇಳೋದು ಇಷ್ಟು. ನಿಮ್ಮ ಮನೆ ಮಾತಲ್ಲಿ ದಿಗಿಲು ನಿಧಾನಕ್ಕೆ ಏರೋದಕ್ಕೆ ಬಳಕೆಯಲ್ಲಿದೆಯಾ, ಥಟ್ಟನೆ ಆಗೋದಕ್ಕೆ ಮಾತ್ರಾನಾ? ಇಪ್ಪತ್ತರ ಒಳಗಿನವರು ಆ ಪದ ಆಡ್ತಾರಾ, ಇಲ್ಲ ಅಜ್ಜಿ ಬಾಯಲ್ಲಿ ಮಾತ್ರ ಉಳಿದಿದೆಯಾ? ಇವೆರಡೂ ಅಲ್ಲದೆ ಈ ಅನುಭವಕ್ಕೇ ಅಂತ ಬೇರೆ ಪದ ಇದ್ರೆ ದಯವಿಟ್ಟು ಬರೀರಿ, ಪದ ಒಂದೇ ಬೇಡ, ನೀವು ಅದನ್ನ ಮಾತಲ್ಲಿ ಹೇಗೆ ಆಡ್ತೀರೋ ಆ ವಾಕ್ಯ ಸಮೇತ, ಯಾವ ಕಡೆಯ ಮಾತು ಅನ್ನೋದೂ ಸೇರಿಸಿ. ಪ್ರಶ್ನಾವಳಿ ಜನರ ಕೈಗೆ ಹೋಗೋದರೊಳಗೆ ಬಂದ ಪದಗಳನ್ನೆಲ್ಲ ವಿದ್ಯಾರ್ಥಿಗಳ ಮುಂದಿಟ್ಟು, ಅವರ ವಯಸ್ಸಿನವರಿಗೆ ಯಾವುದು ಥಟ್ಟನೆ ಅರ್ಥ ಆಗುತ್ತೋ ಅದನ್ನೇ ಹಾಕಿಸ್ತೀನಿ.