ಬಿ-24 ಲಿಬರೇಟರ್: ಹೆಚ್ಚು ತಯಾರಾದದ್ದು ಇದು, ಹೊಗಳಿಕೆ ಮಾತ್ರ ಬಿ-17ಕ್ಕೆ. ಯಾಕೆ?

ಲೋಹಪಕ್ಷಿ:

ಎರಡನೇ ಮಹಾಯುದ್ಧದ ಅಮೆರಿಕನ್ ಬಾಂಬರ್‌ಗಳ ಅಂಕಿಅಂಶ ನೋಡುತ್ತಿದ್ದೆ. ಬಿ-17 ತಯಾರಾದದ್ದು 12,731. ಬಿ-24 ಲಿಬರೇಟರ್ 18,000 ದಾಟಿದೆ. ವೇಗ, ದೂರ, ಹೊರುವ ಭಾರ ಮೂರರಲ್ಲೂ ಲಿಬರೇಟರ್ ಒಂದು ಕೈ ಮೇಲೆ. ಆದರೂ ಯುರೋಪಿನಲ್ಲಿ ಹಾರಿದವರ ಬರಹಗಳಲ್ಲಿ ಬಿ-17 ಬಗ್ಗೆಯೇ ಅಕ್ಕರೆ ಕಾಣುತ್ತದೆ. ತಿಳಿದವರು ಇವಿಷ್ಟಕ್ಕೆ ಉತ್ತರಿಸಿ:

ಲಿಬರೇಟರ್‌ನ ಪ್ರಸಿದ್ಧ ಡೇವಿಸ್ ರೆಕ್ಕೆಯಿಂದ ಆದ ಲಾಭವೇನು, ನಷ್ಟವೇನು? ಬಾಂಬ್ ಬೇ (ಒಡಲಿನಲ್ಲಿ ಬಾಂಬ್ ಇಡುವ ಜಾಗ) ಒಳಗೆ ಯಾವಾಗಲೂ ಪೆಟ್ರೋಲ್ ವಾಸನೆ ಇರುತ್ತಿತ್ತು ಎನ್ನುತ್ತಾರೆ, ಕಾರಣವೇನು? ನಮ್ಮ ವಾಯುಪಡೆಗೆ ಬೆಂಗಳೂರಿನ ಎಚ್‌ಎಎಲ್ ರಿಪೇರಿ ಮಾಡಿಕೊಟ್ಟ ಲಿಬರೇಟರ್‌ಗಳ ಎಂಜಿನ್ ಮತ್ತು ಡಕೋಟಾ ಸಾಗಣೆ ವಿಮಾನದ ಎಂಜಿನ್ ಎರಡೂ ಒಂದೆಯೇ?

ರೆಕ್ಕೆಗಾರ:

ಮೊದಲ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಉಳಿದದ್ದೆಲ್ಲ ಹುಟ್ಟುವುದೂ ಈ ರೆಕ್ಕೆಯಿಂದಲೇ.

ಡೇವಿಡ್ ಡೇವಿಸ್ ಎಂಬ ಸ್ವತಂತ್ರ ವಿನ್ಯಾಸಕಾರ ತನ್ನ ರೆಕ್ಕೆಯ ಅಡ್ಡಕೊಯ್ತವನ್ನು ಕನ್ಸಾಲಿಡೇಟೆಡ್ ಕಂಪನಿಗೆ ತಂದ. ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದ ಗಾಳಿಸುರಂಗದಲ್ಲಿ ಫಲಿತಾಂಶ ಎಷ್ಟು ಚೆನ್ನಾಗಿ ಬಂತೆಂದರೆ, ಅಲ್ಲಿನವರು ತಮ್ಮ ಉಪಕರಣದಲ್ಲೇ ದೋಷವಿರಬೇಕೆಂದು ಮತ್ತೆ ಮತ್ತೆ ಅಳೆದರು. ಕಂಪನಿ ಅದನ್ನು ಮೊದಲು ಮಾಡೆಲ್ 31 ಎಂಬ ಹಾರುದೋಣಿಗೆ (ನೀರಿನ ಮೇಲೆ ಇಳಿಯುವ ವಿಮಾನ) ಹಾಕಿತು, ಆಮೇಲೆ ಬಿ-24ಕ್ಕೆ. ಮೊದಲ ಬಿ-24 ಹಾರಿದ್ದು 1939ರ ಡಿಸೆಂಬರ್ 29ರಂದು, ಸ್ಯಾನ್ ಡಿಯೇಗೋದಲ್ಲಿ.

ಲೆಕ್ಕ ನೋಡಿ. ಬಿ-24 ರೆಕ್ಕೆಯ ಉದ್ದ 110 ಅಡಿ, ವಿಸ್ತೀರ್ಣ 1,048 ಚದರ ಅಡಿ ಮಾತ್ರ. ಬಿ-17ರದ್ದು ಸುಮಾರು 104 ಅಡಿ, 1,420 ಚದರ ಅಡಿ. ಉದ್ದದ ವರ್ಗವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಬಿ-24ಕ್ಕೆ 11.5 ಬರುತ್ತದೆ, ಬಿ-17ಕ್ಕೆ 7.6. ಹೀಗೆ ನೀಳವಾಗಿ ಕಿರಿದಾದ ರೆಕ್ಕೆಗೆ ಕ್ರೂಸ್ ವೇಗದಲ್ಲಿ ಡ್ರ್ಯಾಗ್ (ಗಾಳಿಯ ಎಳೆತ) ಕಡಿಮೆ, ಆದ್ದರಿಂದ ಅಷ್ಟೇ ಪೆಟ್ರೋಲಿನಲ್ಲಿ ಹೆಚ್ಚು ದೂರ. 1943ರ ವಸಂತದಲ್ಲಿ ಅಟ್ಲಾಂಟಿಕ್ ನಡುವೆ ವಿಮಾನ ಕಾವಲು ತಲುಪದೆ ಉಳಿದಿದ್ದ ಜಾಗವನ್ನು ಮುಚ್ಚಿದ್ದು ಇದೇ ವಿಮಾನ. ಹೊಟ್ಟೆಯ ಟರೆಟ್ (ಬಂದೂಕಿನ ತಿರುಗುಗೂಡು) ತೆಗೆದು, ಬಾಂಬ್ ಬೇಯಲ್ಲಿ ಹೆಚ್ಚುವರಿ ಟ್ಯಾಂಕ್ ಕೂರಿಸಿದ ಲಿಬರೇಟರ್‌ಗಳು ಜರ್ಮನ್ ಸಬ್‌ಮರೀನ್‌ಗಳ ಬೆನ್ನು ಹತ್ತಿದವು. ನನ್ನ ಮಟ್ಟಿಗೆ ಲಿಬರೇಟರ್ ಮಾಡಿದ ಅತಿ ದೊಡ್ಡ ಕೆಲಸ ಅದು, ಬರ್ಲಿನ್ ಮೇಲಿನ ದಾಳಿಯಲ್ಲ.

ಈಗ ನಷ್ಟಕ್ಕೆ ಬರೋಣ. 55,000 ಪೌಂಡ್ ತೂಕದಲ್ಲಿ ಒಂದು ಚದರ ಅಡಿ ರೆಕ್ಕೆ ಹೊರಬೇಕಾದದ್ದು ಬಿ-24ರಲ್ಲಿ 52 ಪೌಂಡ್, ಬಿ-17ರಲ್ಲಿ 39. ತೆಳು ಗಾಳಿಯಲ್ಲಿ ಈ ವ್ಯತ್ಯಾಸ ಪೈಲಟ್ ಕೈಗೇ ತಿಳಿಯುತ್ತದೆ. ಬಿ-17 35,000 ಅಡಿಯವರೆಗೆ ಏರಬಲ್ಲದು, ಬಿ-24ರ ಮಿತಿ ಸುಮಾರು 28,000. ತುಂಬಿದ ಲಿಬರೇಟರ್ 20,000 ಅಡಿ ದಾಟಿದ ಮೇಲೆ ಮೂಗೆತ್ತಿಕೊಂಡು, ಸ್ಟಿಯರಿಂಗ್‌ಗೆ ನಿಧಾನವಾಗಿ ಓಗೊಡುತ್ತ ಹಾರುತ್ತದೆ. ಗುಂಪಿನಲ್ಲಿ ಜಾಗ ಕಾಯ್ದುಕೊಳ್ಳಲು ಪೈಲಟ್ ಗಂಟೆಗಟ್ಟಲೆ ತೋಳುಬಲ ಹಾಕಬೇಕು. ರೆಕ್ಕೆಯ ಮೇಲೆ ಮಂಜುಗಡ್ಡೆ ಕಟ್ಟಿದರೆ ಲಿಫ್ಟ್ (ಮೇಲೆತ್ತುವ ಬಲ) ಬೇಗ ಕುಸಿಯುತ್ತದೆ. ಕಿರಿದಾದ ರೆಕ್ಕೆಗೆ ಗುಂಡು ಬಿದ್ದರೆ ಭಾರ ಹಂಚಿಕೊಳ್ಳಲು ಉಳಿದ ಲೋಹವೂ ಕಡಿಮೆ. ಬಿ-17 ದೊಡ್ಡ ತೂತುಗಳೊಂದಿಗೆ ಮನೆ ಸೇರಿತು ಎಂಬ ಮಾತು ಬರಿಯ ಅಭಿಮಾನವಲ್ಲ, ಅದರ ಅಗಲ ರೆಕ್ಕೆಯ ಒಳರಚನೆಯೇ ಹಾಗಿತ್ತು.

ಎಣ್ಣೆಕೈ:

ಪೆಟ್ರೋಲ್ ವಾಸನೆ ವಿಚಾರ. ರೆಕ್ಕೆ ವಿಮಾನದ ಬೆನ್ನ ಮೇಲೆ ಕೂತಿದೆ, ಅದರ ಕೆಳಗೇ ಬಾಂಬ್ ಬೇ. ರೆಕ್ಕೆಯ ನಡುಭಾಗದಲ್ಲಿ ಪೆಟ್ರೋಲಿನ 12 ರಬ್ಬರ್ ಚೀಲಗಳು (ಇವೇ ಮುಖ್ಯ ಟ್ಯಾಂಕ್), ಎಂಜಿನ್ ಒಂದಕ್ಕೆ ಮೂರರಂತೆ, ಒಟ್ಟು ಸುಮಾರು 2,340 ಅಮೆರಿಕನ್ ಗ್ಯಾಲನ್. ಚಕ್ರದ ಗೂಡಿನಾಚೆ ಪಕ್ಕಕ್ಕೆ ಮೂರರಂತೆ ಆರು ಸಹಾಯಕ ಚೀಲಗಳು, ಒಟ್ಟು 450 ಗ್ಯಾಲನ್. ಇನ್ನೂ ದೂರ ಹೋಗಬೇಕಾದರೆ ಬಾಂಬ್ ಬೇಯಲ್ಲೇ ಟ್ಯಾಂಕ್ ತೂಗುಹಾಕುತ್ತಾರೆ. ಸಹಾಯಕ ಚೀಲದ ಪೆಟ್ರೋಲ್ ನೇರ ಎಂಜಿನ್‌ಗೆ ಹೋಗುವುದಿಲ್ಲ. ವಿದ್ಯುತ್ ಪಂಪ್‌ನಿಂದ ಮುಖ್ಯ ಟ್ಯಾಂಕ್‌ಗೆ ವರ್ಗಾಯಿಸಬೇಕು. ಹೋಸ್, ಕ್ಲ್ಯಾಂಪ್, ಕವಾಟಗಳ ಬಹುಪಾಲು ಬಾಂಬ್ ಬೇ ನೆತ್ತಿಯಲ್ಲಿವೆ. ನಡುಕದಿಂದ ಒಂದು ಕ್ಲ್ಯಾಂಪ್ ಸಡಿಲವಾದರೂ ತೊಟ್ಟಿಕ್ಕುವುದು ಅಲ್ಲಿಗೇ, ಆವಿ ನಿಲ್ಲುವುದೂ ಅಲ್ಲೇ.

ಅದಕ್ಕೇ ಸಿಬ್ಬಂದಿ ಬಾಂಬ್ ಬೇ ಬಾಗಿಲನ್ನು ಒಂದಿಷ್ಟು ತೆರೆದಿಟ್ಟು ಹಾರುತ್ತಿದ್ದರು. ವರ್ಗಾವಣೆಯ ಹೊತ್ತಿನಲ್ಲಿ ಕ್ರಮ ಹೀಗೆ: ಬಾಗಿಲು ಸ್ವಲ್ಪ ತೆರೆ, ರೇಡಿಯೋ ಮತ್ತು ಬೇಡದ ವಿದ್ಯುತ್ ಉಪಕರಣ ಆರಿಸು, ಸಿಗರೇಟು ಸುತರಾಂ ಇಲ್ಲ, ಆಮೇಲೆ ಪಂಪ್ ಹಾಕು. ಮುಖ್ಯ ಟ್ಯಾಂಕ್‌ನಲ್ಲಿ ಜಾಗ ಆಗುವ ಮೊದಲೇ ಪಂಪ್ ಹಾಕಿದರೆ ಉಕ್ಕಿ ಗಾಳಿಕೊಳವೆಯಿಂದ ಹೊರಚೆಲ್ಲುತ್ತದೆ. ಮಟ್ಟ ತೋರಿಸುವುದು ಪೈಲಟ್‌ಗಳ ಹಿಂದಿನ ಗಾಜಿನ ಕೊಳವೆಗಳು, ವಿಮಾನ ಸಮತಟ್ಟಾಗಿ ಹಾರುವಾಗ ಮಾತ್ರ ಅವನ್ನು ನಂಬಬಹುದು. ಏರುವಾಗ ಓದಿದ ಲೆಕ್ಕ ಹಿಡಿದು ಕೂತರೆ ನಡುದಾರಿಯಲ್ಲಿ ಎಂಜಿನ್ ಬಾಯಾರಿ ನಿಲ್ಲುತ್ತದೆ.

ಇದರ ಅತಿರೇಕ ಸಿ-109. ಅಸ್ಸಾಮಿನಿಂದ ಹಿಮಾಲಯ ದಾಟಿಸಿ ಚೀನಾಕ್ಕೆ ಪೆಟ್ರೋಲ್ ಸಾಗಿಸಲು ಬಿ-24ರ ಶಸ್ತ್ರ ಕಿತ್ತು ಟ್ಯಾಂಕ್ ತುಂಬಿದ ಮಾದರಿ, ಸುಮಾರು 2,900 ಗ್ಯಾಲನ್ ಹೊರುತ್ತಿತ್ತು. ಎತ್ತರದ ಚೀನಾ ನೆಲೆಗಳಲ್ಲಿ ತುಂಬಿದ ಹೊರೆಯೊಂದಿಗೆ ಅದನ್ನು ಇಳಿಸುವುದು ಪ್ರಾಣಕ್ಕೇ ಸಂಚಕಾರ.

ಬಾಗಿಲಿನ ಬಗ್ಗೆಯೂ ಒಂದು ಮಾತು. ಅಂಗಡಿಯ ರೋಲಿಂಗ್ ಶಟರ್ ಹಾಗೆ ಅದು ವಿಮಾನದ ಪಕ್ಕಕ್ಕೆ ಸುತ್ತಿಕೊಂಡು ಮೇಲೇರುತ್ತದೆ. ತೆರೆದಾಗ ಗಾಳಿಗೆ ಅಡ್ಡ ಬರುವುದಿಲ್ಲ, ಹಾಗಾಗಿ ವೇಗ ಕುಸಿಯುವುದಿಲ್ಲ. ಆದರೆ ತೆಳು ತಗಡು, ಆಳು ಕಾಲಿಟ್ಟರೆ ಕಿತ್ತುಹೋಗುತ್ತದೆ. ಕಾಲಿಡಲು ಇರುವುದು ನಡುವಿನ ಸುಮಾರು ಒಂಬತ್ತು ಇಂಚಿನ ಹಲಗೆಯಷ್ಟೆ. ಸಮುದ್ರದ ಮೇಲೆ ಇಳಿಯಬೇಕಾಗಿ ಬಂದಾಗ ಮೊದಲು ಒಡೆಯುವುದೂ ಈ ಬಾಗಿಲೇ. ನೀರು ನುಗ್ಗಿ ಒಡಲು ಅಲ್ಲೇ ಮುರಿಯುತ್ತದೆ. 1944ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ ವರ್ಜೀನಿಯಾದ ಜೇಮ್ಸ್ ನದಿಯಲ್ಲಿ ನಿಜವಾದ ಬಿ-24 ಒಂದನ್ನೇ ಇಳಿಸಿ ಇದನ್ನು ಪರೀಕ್ಷಿಸಿತು.

ಲೋಹಪಕ್ಷಿ:

@ರೆಕ್ಕೆಗಾರ ಸರ್, ಎಣ್ಣೆಕೈ ಅವರೇ, ಧನ್ಯವಾದ. ಇಷ್ಟು ತೊಂದರೆ ಇದ್ದರೂ 18,000 ಯಾಕೆ ಮಾಡಿದರು?

ಜೋಡಣೆಸಾಲು:

ಐದು ಕಾರ್ಖಾನೆಗಳು ಒಟ್ಟಿಗೆ ಮಾಡಿದ್ದರಿಂದ. ಸ್ಯಾನ್ ಡಿಯೇಗೋ ಮತ್ತು ಫೋರ್ಟ್‌ವರ್ತ್‌ನಲ್ಲಿ ಕನ್ಸಾಲಿಡೇಟೆಡ್, ಟಲ್ಸಾದಲ್ಲಿ ಡಗ್ಲಸ್, ಡಲ್ಲಾಸ್‌ನಲ್ಲಿ ನಾರ್ತ್ ಅಮೆರಿಕನ್, ಮಿಷಿಗನ್‌ನ ವಿಲೋ ರನ್‌ನಲ್ಲಿ ಫೋರ್ಡ್. 1944ರ ಉಚ್ಛ್ರಾಯದಲ್ಲಿ ವಿಲೋ ರನ್ ಒಂದರಿಂದಲೇ ಹೆಚ್ಚುಕಡಿಮೆ ಗಂಟೆಗೊಂದು ಬಿ-24 ಹೊರಬರುತ್ತಿತ್ತು. ಪೆಸಿಫಿಕ್, ಅಟ್ಲಾಂಟಿಕ್, ಬರ್ಮಾ ಎಲ್ಲ ಕಡೆ ದೂರವೇ ಮುಖ್ಯ ಸಮಸ್ಯೆ, ಹಾಗಾಗಿ ಬೇಡಿಕೆ ನಿಲ್ಲಲಿಲ್ಲ.

ಒಂದು ತಲೆನೋವು: ಬೇರೆ ಬೇರೆ ಕಾರ್ಖಾನೆಯ ಭಾಗಗಳು ಯಾವಾಗಲೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಮೂಗಿನ ಟರೆಟ್ ಕೂಡ ಎರಡು ಬಗೆ. ಮುಂಚೂಣಿಯ ಉಗ್ರಾಣದಲ್ಲಿ ಬಿ-24 ಎಂದು ಬರೆದ ಪೆಟ್ಟಿಗೆ ತೆರೆದರೆ ಸಾಲದು, ಮಾದರಿ ಅಕ್ಷರ, ಬ್ಲಾಕ್ ಸಂಖ್ಯೆ, ಕಾರ್ಖಾನೆ ಸಂಕೇತ ಮೂರೂ ನೋಡಬೇಕು. ಮಾಡೆಲ್ ಕಟ್ಟುವವರಿಗೂ ಇದೇ ಎಚ್ಚರ.

ಎತ್ತರದ ತೊಂದರೆಯಲ್ಲಿ ರೆಕ್ಕೆಯೊಂದನ್ನೇ ದೂರಬೇಡಿ. ಬಿ-24ರ ಡಿ ಮಾದರಿಯಲ್ಲಿ ಟರ್ಬೊ (ತೆಳು ಗಾಳಿಯನ್ನು ಒತ್ತಿ ಎಂಜಿನ್‌ಗೆ ಕೊಡುವ ಸಾಧನ) ನಿಯಂತ್ರಣ ಎಣ್ಣೆ ಒತ್ತಡದ್ದು. ಚಳಿಗೆ ಎಣ್ಣೆ ಗಟ್ಟಿಯಾಗಿ ನಾಲ್ಕು ಎಂಜಿನ್ ನಾಲ್ಕು ರೀತಿ ವರ್ತಿಸುತ್ತಿದ್ದವು. ಜೆ ಮಾದರಿಯ ಹೊತ್ತಿಗೆ ಎಲೆಕ್ಟ್ರಾನಿಕ್ ನಿಯಂತ್ರಕ ಬಂದು, ಒಂದೇ ಗುಂಡಿ ತಿರುಗಿಸಿ ನಾಲ್ಕನ್ನೂ ಸರಿದೂಗಿಸುವಂತಾಯಿತು. ಜೋಡಿ ಬಾಲದ ಬದಲು ಒಂಟಿ ಬಾಲ ಉತ್ತಮವೆಂದು ಪರೀಕ್ಷೆಯಲ್ಲಿ ತಿಳಿದರೂ ಅದು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ನೌಕಾಪಡೆಯ ಪ್ರೈವಟೀರ್ ಎಂಬ ಮಾದರಿಯಲ್ಲಿ ಮಾತ್ರ.

ಹಳೇ ಏರ್‌ಪೋರ್ಟ್ ರಸ್ತೆ:

ಬೆಂಗಳೂರಿನ ಭಾಗಕ್ಕೆ ಉತ್ತರ. ಯುದ್ಧ ಮುಗಿದಾಗ ಬ್ರಿಟಿಷ್ ವಾಯುಪಡೆ ತನ್ನ ಲಿಬರೇಟರ್‌ಗಳನ್ನು ಕಾನ್ಪುರದಲ್ಲಿ ಬಿಟ್ಟುಹೋಯಿತು. ಮತ್ತೆ ಹಾರಬಾರದೆಂದು ಅವನ್ನು ಜಜ್ಜಿಹಾಕಿತ್ತು. 1948ರಲ್ಲಿ ಎಚ್‌ಎಎಲ್ ತಂಡ ಅಲ್ಲಿಗೆ ಹೋಗಿ, ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಬೆಂಗಳೂರಿನವರೆಗೆ ಹಾರುವಷ್ಟು ಮಾತ್ರ ಸರಿಪಡಿಸಿತು. ಹಾರಿಸಿ ತಂದವರು ಕಂಪನಿಯ ಪರೀಕ್ಷಾ ಪೈಲಟ್ ಜಮ್ಶೆಡ್ ಮುನ್ಷಿ. ಪೂರ್ಣ ದುರಸ್ತಿ ಇಲ್ಲಿ ನಡೆಯಿತು. ಹೀಗೆ ಸುಮಾರು 40 ವಿಮಾನಗಳು ಜೀವ ಪಡೆದವು. ಅದೇ ವರ್ಷದ ನವೆಂಬರ್‌ನಲ್ಲಿ 5ನೇ ಸ್ಕ್ವಾಡ್ರನ್ ಅವುಗಳೊಂದಿಗೆ ಶುರುವಾಯಿತು. ಕಡಲ ಕಾವಲಿನ 6ನೇ ಸ್ಕ್ವಾಡ್ರನ್ 1968ರ ಕೊನೆಯವರೆಗೂ ಅವನ್ನು ಹಾರಿಸಿತು.

ಎಂಜಿನ್: ಎರಡೂ ಪ್ರ್ಯಾಟ್ ಅಂಡ್ ವಿಟ್ನಿ ಆರ್-1830, 14 ಸಿಲಿಂಡರ್, 1,200 ಅಶ್ವಶಕ್ತಿ. ಆದರೆ ಡಕೋಟಾದ್ದು -92 ಎಂಬ ಉಪಮಾದರಿ, ಟರ್ಬೊ ಇಲ್ಲ. ಬಿ-24 ಜೆಯದ್ದು -65, ಟರ್ಬೊ ಇದೆ, ಕಾರ್ಬುರೇಟರ್ ಬೇರೆ ಕಂಪನಿಯದು. ಬಿಚ್ಚಿ ಹಾಗೇ ಅದಲುಬದಲು ಮಾಡುವಂತಿಲ್ಲ. ಒಳಗಿನ ಕೆಲಸ ಬಲ್ಲವನ ಕೈಗೆ ಮಾತ್ರ ಎರಡೂ ಒಂದೇ ಮನೆತನ. 1943ರಿಂದ ಅಮೆರಿಕನ್ ಸೇನೆ ಎಚ್‌ಎಎಲ್‌ನ ಇದೇ ಕಾರ್ಖಾನೆಯನ್ನು ದುರಸ್ತಿ ಡಿಪೋ ಮಾಡಿಕೊಂಡಿತ್ತು. ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದ ಕ್ಯಾಟಲೀನಾ ಹಾರುದೋಣಿಗಳಿಗೂ ಇದೇ ಆರ್-1830. ಬೆಂಗಳೂರಿನ ಫಿಟ್ಟರ್‌ಗಳಿಗೆ 1948ರಲ್ಲಿ ಆ ಎಂಜಿನ್ ಹೊಸದಾಗಿರಲಿಲ್ಲ. ಅವರ ಕೆಲಸಕ್ಕೆ ಸಿಗಬೇಕಾದಷ್ಟು ಮನ್ನಣೆ ಇನ್ನೂ ಸಿಕ್ಕಿಲ್ಲ.

ಲಿಬರೇಟರ್‌ನ ನಾಲ್ಕು ಎಂಜಿನ್ ಸ್ಟಾರ್ಟ್ ಮಾಡುವ ಕ್ರಮ 3, 4, 2, 1. ಹೈಡ್ರಾಲಿಕ್ ಪಂಪ್ 3ನೇ ಎಂಜಿನ್‌ಗೆ ಕೂಡಿಸಿರುವುದರಿಂದ ಅದೇ ಮೊದಲು. ಅದಕ್ಕೂ ಮುಂಚೆ ಸ್ವಿಚ್ ಆರಿಸಿ ಪ್ರೊಪೆಲ್ಲರನ್ನು ಕೈಯಿಂದ ಎರಡು ಸುತ್ತು ತಿರುಗಿಸಬೇಕು. ನಿಂತ ಎಂಜಿನ್‌ನ ಕೆಳ ಸಿಲಿಂಡರ್‌ಗಳಿಗೆ ಎಣ್ಣೆ ಇಳಿದಿರುತ್ತದೆ. ಅಲಗು ಗಟ್ಟಿಯಾಗಿ ತಡೆದರೆ ಒತ್ತಬಾರದು, ಹಿಂದಕ್ಕೂ ತಿರುಗಿಸಬಾರದು. ಕೆಳಗಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಎಣ್ಣೆ ಬಸಿಯಬೇಕು, ಇಲ್ಲವಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಇಂದು ಅರಿಝೋನಾದ ಪೀಮಾ, ಒಟ್ಟಾವಾ ಮತ್ತು ಬ್ರಿಟಿಷ್ ವಾಯುಪಡೆಯ ಸಂಗ್ರಹಾಲಯಗಳಲ್ಲಿರುವ ಲಿಬರೇಟರ್‌ಗಳು ನಮ್ಮ ವಾಯುಪಡೆಯಿಂದ ಹೋದವು. ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ 1989ರಲ್ಲಿ ಮತ್ತೆ ಹಾರಿಸಿದ ಬಿ-24 ಕೂಡ ನಮ್ಮ ವಾಯುಪಡೆಯಿಂದಲೇ ಹೋದದ್ದು. ದೆಹಲಿಯ ಪಾಲಂ ಸಂಗ್ರಹಾಲಯದಲ್ಲಿ ಒಂದು ಉಳಿದಿದೆ. ನೋಡಲು ಹೋದರೆ ಎಂಜಿನ್ ಕವಚದ ಆಕಾರ ಗಮನಿಸಿ: ಡಕೋಟಾದ ಹಾಗೆ ದುಂಡಗಿಲ್ಲ, ಅಡ್ಡಕ್ಕೆ ಮೊಟ್ಟೆಯಾಕಾರ. ಕವಚದ ಎರಡು ಪಕ್ಕದ ಉಬ್ಬುಗಳಲ್ಲಿ ಆಯಿಲ್ ಕೂಲರ್ ಮತ್ತು ಟರ್ಬೊದ ಗಾಳಿದಾರಿ ಇವೆ.