ಉಣ್ಣೆಯ ಮೊಟ್ಟೆಯೊಳಗಿನ ‘ಹಳದಿ’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಹಸು ಸಾಕುವವರಿಗೆಂದು ಉಣ್ಣೆಯ ಬಗ್ಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ಕುರಿ ಉಣ್ಣೆ ಅಲ್ಲ, ದನ ನಾಯಿಗಳ ಮೈಗೆ ಕಚ್ಚಿಕೊಳ್ಳುತ್ತದಲ್ಲ, ಅದು. ಮಲೆನಾಡಿನವರು ಉಣುಗು ಅನ್ನುತ್ತಾರೆ. ಮಂಗನ ಕಾಯಿಲೆ ಹರಡುವುದೂ ಇದರದೇ ಒಂದು ಜಾತಿ. ಹೆಣ್ಣು ಉಣ್ಣೆ ಮೊಟ್ಟೆಗೆ ಬೇಕಾದ ಪ್ರೋಟೀನನ್ನು ಹೇಗೆ ತಯಾರಿಸುತ್ತದೆ ಅನ್ನುವ ಭಾಗಕ್ಕೆ ಬಂದು ಎರಡು ದಿನದಿಂದ ಸಿಕ್ಕಿಕೊಂಡಿದ್ದೇನೆ.

ಮೊದಲ ಸಿಕ್ಕು ಇಂಗ್ಲಿಷಿನ ‘ಯೋಕ್’ಗೆ ಕನ್ನಡ ಪದ ಹುಡುಕುವುದು. ಕೋಳಿಮೊಟ್ಟೆಗಾದರೆ ತೊಂದರೆಯೇ ಇಲ್ಲ. ನಮ್ಮ ಬೀದಿ ಕೊನೆಯ ಎಗ್ ರೈಸ್ ಗಾಡಿಯವನಿಗೆ “ಹಳದಿ ಬೇಡಪ್ಪ” ಅಂದರೆ ಸಾಕು. ಕೆಳಗಿನ ಮನೆಯ ತಮಿಳು ಆಂಟಿ ‘ಮಂಜಳ್ ಕರು’ ಅನ್ನುತ್ತಾರೆ, ತೆಲುಗಿನವರು ‘ಪಚ್ಚಸೊನ’. ಎಲ್ಲರೂ ಹಿಡಿದಿರುವುದು ಬಣ್ಣವನ್ನೇ. ಆದರೆ ಉಣ್ಣೆಯ ಮೊಟ್ಟೆ ಕಂದು.

ಕಣ್ಣಾರೆ ನೋಡಿಯೇ ಹೇಳುತ್ತಿದ್ದೇನೆ. ಹೋದ ತಿಂಗಳು ನಮ್ಮ ನಾಯಿಯ ಕಿವಿಯಿಂದ ಕಿತ್ತ ಒಂದನ್ನು ಖಾಲಿ ಮಾತ್ರೆ ಬಾಟಲಿಗೆ ಹಾಕಿಟ್ಟಿದ್ದೆ. ರಕ್ತ ಕುಡಿದು ಹರಳು ಬೀಜದ ಹಾಗೆ ಉಬ್ಬಿತ್ತು. ಕೆಲವು ದಿನ ಸುಮ್ನೆ ಬಿದ್ದಿತ್ತು. ಆಮೇಲೆ ತಲೆಯ ಮುಂದೆ ಗಸಗಸೆಗಿಂತ ಸಣ್ಣ, ಮಿರಿಮಿರಿ ಮಿಂಚುವ ಕಂದು ಕಾಳುಗಳ ಗುಡ್ಡೆ ಬೆಳೆಯತೊಡಗಿತು. ಬಾಟಲಿ ಅಲ್ಲಾಡಿಸಿದರೂ ಚೆದುರಲಿಲ್ಲ. ಬಾಯಿಯ ಮೇಲ್ಗಡೆಯಿಂದ ಹೊರಚಾಚುವ ಒಂದು ಅಂಗ ಒಂದೊಂದು ಮೊಟ್ಟೆಗೂ ಮೇಣ ಸವರುತ್ತದೆ, ಅದಕ್ಕೇ ಆ ಅಂಟು. ಗುಡ್ಡೆ ದೊಡ್ಡದಾದಷ್ಟೂ ತಾಯಿ ಕುಗ್ಗುತ್ತಾ ಹೋಗಿ, ಕೊನೆಗೆ ಸುಕ್ಕುಗಟ್ಟಿದ ಚೀಲದ ಹಾಗೆ ಸತ್ತು ಬಿತ್ತು. (ಎಲ್ಲವನ್ನೂ ಕುದಿಯುವ ನೀರಿಗೆ ಹಾಕಿದೆ. ನಮ್ಮ ಮನೆಯವರ ಆಜ್ಞೆ.)

ಆ ಕಂದು ಬಣ್ಣ ಹೀಮ್‌ನದು, ಅಂದರೆ ರಕ್ತಕ್ಕೆ ಕೆಂಪು ಕೊಡುವ ಕಬ್ಬಿಣದ ಅಂಶದ್ದು. ಉಣ್ಣೆಗೆ ಹೀಮ್ ತಯಾರಿಸಲು ಬರುವುದಿಲ್ಲ. ಹಸುವಿನದೋ ನಾಯಿಯದೋ ರಕ್ತದಿಂದ ತೆಗೆದುಕೊಂಡು, ಪ್ರೋಟೀನಿಗೆ ಅಂಟಿಸಿ ಮೊಟ್ಟೆಗೆ ತುಂಬಿಸುತ್ತದೆ. ಮರಿಗೆ ಅದೇ ಆಸ್ತಿ. ಇದನ್ನು ಓದಿದಾಗ ನನಗೆ ಹೊಳೆದ ಪದ ‘ಬುತ್ತಿ’. ತಾಯಿ ಕಟ್ಟಿಕೊಡುವ ಬುತ್ತಿ ಅಲ್ವಾ ಇದು? ಬಣ್ಣದ ಹಂಗೂ ಇಲ್ಲ. ‘ತಿರುಳು’ ಅನ್ನಬಹುದಿತ್ತು, ಆದರೆ ಊಟದ ಅರ್ಥ ಅದರಲ್ಲಿ ಬರುವುದಿಲ್ಲ.

ಬುತ್ತಿಗೆ ನೀವು ಒಪ್ಪಿದರೂ ಮುಂದೆ ಇನ್ನೊಂದು ಗಂಟಿದೆ. ಮೈಯ ದ್ರವದಲ್ಲಿ ಹರಿಯುವಾಗ ಈ ಪ್ರೋಟೀನಿನ ಹೆಸರು ವಿಟೆಲೊಜೆನಿನ್. ಮೊಟ್ಟೆಯೊಳಗೆ ಸೇರಿ ಶೇಖರವಾದ ಮೇಲೆ ವಿಟೆಲಿನ್. ಆಮ್ಲಜನಕದ ದಾರಿ ಹಿಡಿದು ‘ಬುತ್ತಿಜನಕ’ ಅಂದರೆ ಅರಿಸಮಾಸ ಅಂತ ಇಲ್ಲಿನ ಹಿರಿಯರು ಕಿವಿ ಹಿಂಡುತ್ತಾರೆ. ಮೂಲದ ಲ್ಯಾಟಿನ್ ‘ವಿಟೆಲಸ್’ ಅಂದರೆ ಮೊಟ್ಟೆಯ ಹಳದಿ. ಪುಟ್ಟ ಕರು ಅಂತಲೂ ಅರ್ಥವಿದೆ. ತಮಿಳು ಆಂಟಿಯ ‘ಕರು’ ಅಂದರೆ ಭ್ರೂಣ, ನಮ್ಮ ಕರುವಲ್ಲ. ಆದರೂ ಈ ಹೊಂದಿಕೆ ಕಂಡು ಒಂದು ಸಂಜೆ ಪೂರ್ತಿ ಖುಷಿಪಟ್ಟೆ.

ಇನ್ನು ‘ಹಾರ್ಮೋನ್ ನಿಯಂತ್ರಣ’. ಇದೇ ಜಾಸ್ತಿ ತಲೆನೋವು. ಯಲಹಂಕದ ಆಚೆ ನಾಲ್ಕು ಹಸು ಕಟ್ಟಿರುವ ಗೆಳೆಯನಿಗೆ ಕರಡು ಓದಿಸಿದೆ. “ನಿಯಂತ್ರಣ ಅಂದ್ರೆ ಔಷಧಿ ಹೊಡೆಯೋದಾ?” ಅಂದ. ಅವನ ತಪ್ಪಲ್ಲ. ಜನನ ನಿಯಂತ್ರಣ, ಕೀಟ ನಿಯಂತ್ರಣ, ಎಲ್ಲ ಕಡೆಯೂ ನಮ್ಮಲ್ಲಿ ಅದು ತಡೆಯುವ ಮಾತು. ಇಲ್ಲಿ ಆಗುವುದು ತಡೆಯಲ್ಲ, ಶುರು ಮಾಡುವುದು. ಗಂಡು ಕೂಡದ ಹೆಣ್ಣು ಸ್ವಲ್ಪ ರಕ್ತ ಕುಡಿದು ಹಾಗೇ ಉಳಿಯುತ್ತದೆ. ಕೂಡಿದ ಮೇಲೆ ಕೊನೆಯ ಒಂದೆರಡು ದಿನದಲ್ಲಿ ಗಟಗಟ ಕುಡಿದು, ಮೊದಲಿನ ತೂಕದ ಸುಮಾರು 100 ಪಟ್ಟು ಆಗುತ್ತದೆ. ಆಮೇಲೆ ಮೈಯಲ್ಲಿ 20-ಹೈಡ್ರಾಕ್ಸಿ ಎಕ್ಡೈಸೋನ್ ಅನ್ನುವ ಹಾರ್ಮೋನ್ ಏರುತ್ತದೆ. ಕೊಬ್ಬಿನ ಕೋಶಗಳೂ ಕರುಳಿನ ಕೋಶಗಳೂ ಅದರ ಮಾತು ಕೇಳಿ ಪ್ರೋಟೀನ್ ಮಾಡಲು ತೊಡಗುತ್ತವೆ. ಅದಕ್ಕೇ ನಾನು ‘ಹಾರ್ಮೋನಿನ ಅಪ್ಪಣೆ’ ಅಂತ ಬರೆದುಕೊಂಡಿದ್ದೇನೆ. ಅಪ್ಪಣೆ ಬರೀ ಹರಿಕಥೆಯ ಪದ ಅನ್ನಿಸುತ್ತದಾ?

ಎಕ್ಡೈಸೋನನ್ನು ‘ಪೊರೆ ಕಳಚುವ ಹಾರ್ಮೋನ್’ ಅಂತ ಕರೆಯುವ ಆಸೆಯಿತ್ತು. ಕೀಟಗಳಲ್ಲಿ ಅದರ ಹೆಸರುವಾಸಿ ಕೆಲಸ ಅದೇ. ಆದರೆ ದನದ ಉಣ್ಣೆ ಬಲಿತ ಮೇಲೆ ಪೊರೆ ಕಳಚುವುದೇ ಇಲ್ಲ, ಅದೇ ಹಾರ್ಮೋನಿನಿಂದ ಬುತ್ತಿ ಕಟ್ಟಿಸಿಕೊಳ್ಳುತ್ತದೆ. ಎಷ್ಟೋ ಕೀಟಗಳಲ್ಲಿ ಈ ಕೆಲಸ ಮಾಡಿಸುವ ಜುವೆನೈಲ್ ಹಾರ್ಮೋನ್ ಉಣ್ಣೆಯಲ್ಲಿ ಸಿಕ್ಕೇ ಇಲ್ಲ. (ಉಣ್ಣೆ ಕೀಟವೂ ಅಲ್ಲ, ಎಂಟು ಕಾಲಿನ ಜೇಡದ ಬಳಗ.) ಹಾಗಾಗಿ ಎಕ್ಡೈಸೋನ್ ಎಕ್ಡೈಸೋನಾಗಿಯೇ ಇರಲಿ.

ನಿಮ್ಮ ಕಡೆ ಮೊಟ್ಟೆಯ ಈ ಭಾಗಕ್ಕೆ ಬಣ್ಣ ಬಿಟ್ಟು ಬೇರೆ ಹೆಸರೇನಾದರೂ ಇದೆಯಾ? ಕೋಳಿ, ಮೀನು, ರೇಷ್ಮೆ, ಯಾವ ಕಸುಬಿನದಾದರೂ ಸರಿ. ಶುಕ್ರವಾರದೊಳಗೆ ತಿಳಿಸಿದರೆ ಲೇಖನಕ್ಕೆ ಸೇರಿಸುತ್ತೇನೆ. ಇಲ್ಲದಿದ್ದರೆ ಬುತ್ತಿಯೇ ಗತಿ.