1994ರ ಮಿಯಾಟಾಗೆ ಸ್ಟೆಪ್ನಿ ಬೇಕು, ಸಿವಿಕ್‌ದು ನಡೆಯುತ್ತಾ?

ರೋಡ್‌ಸ್ಟರ್94:
ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿದ್ದೇನೆ, ಈಚೆಗೆ 1994ರ ಮಾಜ್ಡಾ ಮಿಯಾಟಾ, ಅಂದರೆ ಎರಡೇ ಸೀಟಿನ ತೆರೆದ ಕಾರು, ತಗೊಂಡೆ. 1.8 ಲೀಟರ್ ಎಂಜಿನ್, ಕಂಪನಿಯ 14 ಇಂಚಿನ ಅಲಾಯ್ ಚಕ್ರ, 185/60 ಟೈರು. ಗಾಡಿ ಬಹಳ ಚೆನ್ನಾಗಿದೆ, ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲ. ಜಾಕ್ ಇದೆ, ಸ್ಟೆಪ್ನಿ ಬಿಗಿಯುವ ಬೋಲ್ಟೂ ಇದೆ, ಚಕ್ರ ಮಾತ್ರ ಇಲ್ಲ. ಮುಂದಿನ ತಿಂಗಳು 395 ಹೆದ್ದಾರಿ ಹಿಡಿದು ಬಿಷಪ್ ಊರಿನ ಕಡೆ ಹೋಗುವ ಆಸೆ ಇದೆ, ಆ ದಾರಿಯಲ್ಲಿ ಕೆಲವು ಕಡೆ ಫೋನ್ ಸಿಗ್ನಲ್ಲೇ ಇರುವುದಿಲ್ಲ, ಹಾಗಾಗಿ ಸ್ಟೆಪ್ನಿ ಇಲ್ಲದೆ ಹೊರಡಲು ಮನಸ್ಸಿಲ್ಲ. ಇಲ್ಲಿನ ಗುಜರಿಯಲ್ಲಿ ಹಳೇ ಹೋಂಡಾ ಸಿವಿಕ್‌ನ 14 ಇಂಚಿನ ಸಣ್ಣ ಸ್ಟೆಪ್ನಿ ಕಡಿಮೆ ದುಡ್ಡಿಗೆ ಸಿಗುತ್ತಿದೆ. ಅದಕ್ಕೂ ನಾಲ್ಕೇ ತೂತು ಅಲ್ವಾ, ತಗೋಬಹುದಾ?

ಹಳೇಗಾಡಿಪ್ರಿಯ:
ಬೇಡ ಸರ್. ಎದುರುಬದುರು ತೂತುಗಳ ಮಧ್ಯದ ಅಂತರ ಎರಡಕ್ಕೂ 100 ಮಿಮೀ, ನಟ್ಟಿನ ಥ್ರೆಡ್ ಕೂಡ ಒಂದೇ, 12 × 1.5 ಮಿಮೀ. ಅದಕ್ಕೇ ಚಕ್ರ ಸಲೀಸಾಗಿ ಕೂತುಬಿಡುತ್ತದೆ, ಜನ ಸರಿಯಾಗಿದೆ ಅಂದುಕೊಳ್ಳುತ್ತಾರೆ. ಆದರೆ ಮಿಯಾಟಾದ ಹಬ್, ಅಂದರೆ ಚಕ್ರದ ನಡುವಿನ ತೂತು ಕೂರುವ ಭಾಗ, 54.1 ಮಿಮೀ, ಹೋಂಡಾ ಚಕ್ರದ ನಡುವಿನ ತೂತು 56.1. ಹಬ್ಬಿನ ಮೇಲೆ ಬಿಗಿಯಾಗಿ ಕೂರುವುದಿಲ್ಲ. ಅದಕ್ಕಿಂತ ದೊಡ್ಡ ವಿಷಯ ನಟ್ಟು. ಹೋಂಡಾ ಚಕ್ರದಲ್ಲಿ ನಟ್ ಕೂರುವ ಜಾಗ ಗುಂಡಗೆ ಇರುತ್ತದೆ, ಮಾಜ್ಡಾ ನಟ್ಟಿನ ತುದಿ ಶಂಕುವಿನ ಆಕಾರ. ಎಷ್ಟು ಬಿಗಿದರೂ ಪೂರ್ತಿ ತಾಗುವುದಿಲ್ಲ, ಓಡುತ್ತಾ ಓಡುತ್ತಾ ಸಡಿಲವಾಗುವ ಭಯ ಇದ್ದೇ ಇರುತ್ತದೆ.

1997ರ ತನಕದ ಮಿಯಾಟಾ, ಅಂದರೆ ಮುಂದಿನ ದೀಪ ಒಳಗೆ ಮಡಚಿ ಕಣ್ಣುಮುಚ್ಚುವ ಗಾಡಿ, ಅದರದ್ದೇ ಸ್ಟೆಪ್ನಿ ಹುಡುಕಿ. ಟೈರಿನ ಪಕ್ಕದಲ್ಲಿ ಅಳತೆ ಟಿ115/70ಡಿ14 ಅಂತ ಬರೆದಿರುತ್ತದೆ. ಮಿಯಾಟಾ ಬಿಡಿಭಾಗ ಮಾರುವವರ ಹತ್ತಿರ ಸಿಗುತ್ತದೆ, ಎಷ್ಟೋ ಜನ ರೇಸ್‌ಗೆ ಅಂತ ಸ್ಟೆಪ್ನಿ ತೆಗೆದು ಮೂಲೆಗೆ ಹಾಕಿರುತ್ತಾರೆ. ಒಂದು ವಿಷಯ ಹೇಳಿ, ಹಿಂದಿನವರು ಬ್ರೇಕ್ ಬದಲಾಯಿಸಿದ್ದಾರಾ? 1.8ರ ಮುಂದಿನ ಡಿಸ್ಕ್ 255 ಮಿಮೀ. ಆಮೇಲಿನ ಮಿಯಾಟಾಗಳ ಸ್ಪೋರ್ಟ್ ಬ್ರೇಕಿನ 270 ಮಿಮೀ ಡಿಸ್ಕ್ ಹಾಕಿದ್ದರೆ 14 ಇಂಚಿನ ಚಕ್ರ, ಡಿಸ್ಕ್ ಹಿಡಿಯುವ ಕ್ಯಾಲಿಪರ್‌ಗೆ ತಾಗುತ್ತದೆ.

ಬೇಏರಿಯಾ_ಗೌಡ:
ನನ್ನ ಕೇಳಿದರೆ ಸ್ಟೆಪ್ನಿಯೇ ಬೇಡ. ಪಂಕ್ಚರ್ ಹಾಕುವ ಕಿಟ್, ಸಣ್ಣ ಗಾಳಿ ಪಂಪ್ ಇಟ್ಟುಕೊಳ್ಳಿ ಸಾಕು. ಆ ಡಿಕ್ಕಿಯಲ್ಲಿ ಇರುವ ಜಾಗವೇ ಕಡಿಮೆ, ಬ್ಯಾಟರಿ ಕೂಡ ಅಲ್ಲೇ ಕೂತಿದೆ. ಇಬ್ಬರು ಹೊರಟರೆ ಬ್ಯಾಗ್ ಎಲ್ಲಿಡುತ್ತೀರಿ?

ಹಳೇಗಾಡಿಪ್ರಿಯ:
ಊರೊಳಗೆ ಓಡಾಡಲು ಗೌಡರ ಮಾತು ಸರಿ. ಮೊಳೆ ಚುಚ್ಚಿದರೆ ಕಿಟ್ ಸಾಕು. ಕಲ್ಲು ಹೊಡೆದು ಟೈರಿನ ಪಕ್ಕ ಸೀಳಿದರೆ ಯಾವ ಕಿಟ್ಟೂ ಕೆಲಸಕ್ಕೆ ಬರುವುದಿಲ್ಲ. 395ರಲ್ಲಿ ಎರಡೂ ಇರಲಿ.

ಟಾರ್ಸೆನ್_ರಾಯರು:
ಟೈರಿನ ವಯಸ್ಸು ಯಾರೂ ಹೇಳಲಿಲ್ಲ. ಟೈರಿನ ಪಕ್ಕದಲ್ಲಿ ಡಾಟ್ (DOT) ಅಂತ ಶುರುವಾಗುವ ಸಂಖ್ಯೆಯ ಕೊನೆ ನೋಡಿ. 2000ದಿಂದ ಈಚೆಗಿನದಾದರೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಮೂರೇ ಅಂಕಿ ಇದ್ದರೆ ಅದು ಕಳೆದ ಶತಮಾನದ ಟೈರು. ಗಾಡಿಯ ಜೊತೆಗೇ ಬಂದ ಸ್ಟೆಪ್ನಿಗಳು ಬಹುಪಾಲು ಹೀಗೇ. ಒಂದು ಸಲವೂ ನೆಲ ಮುಟ್ಟದೆ ಹೊಸದರಂತೆ ಹೊಳೆಯುತ್ತವೆ, ಆದರೆ ರಬ್ಬರ್ ಸತ್ತಿರುತ್ತದೆ. ಅಂಥದ್ದು ಸಿಕ್ಕರೆ ರಿಮ್ಮಿಗೆ ಮಾತ್ರ ದುಡ್ಡು ಕೊಡಿ, ಟೈರ್ ಬೇರೆ ಹಾಕಿಸಿ.

ಇನ್ನೊಂದು ವಿಷಯ. ಈ ಸ್ಟೆಪ್ನಿ ನಿಮ್ಮ ಚಕ್ರಕ್ಕಿಂತ ಅಡ್ಡಳತೆಯಲ್ಲಿ ಸುಮಾರು 6 ಸೆಂಮೀ ಚಿಕ್ಕದು. 94ರಿಂದ ಕೆಲವು ಗಾಡಿಗಳಲ್ಲಿ ಟಾರ್ಸೆನ್ ಡಿಫರೆನ್ಷಿಯಲ್, ಅಂದರೆ ಹಿಂದಿನ ಎರಡೂ ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ಗೇರು, ಬಂತು. ಹಿಂದೆ ಒಂದು ಕಡೆ ದೊಡ್ಡದು, ಒಂದು ಕಡೆ ಚಿಕ್ಕದು ಹಾಕಿ ಓಡಿಸಿದರೆ ಅದಕ್ಕೆ ಸುಮ್ನೆ ಪೆಟ್ಟು. ಹಿಂದಿನ ಚಕ್ರ ಪಂಕ್ಚರ್ ಆದರೆ ಮುಂದಿನ ಒಳ್ಳೇ ಚಕ್ರ ಬಿಚ್ಚಿ ಹಿಂದಕ್ಕೆ ಹಾಕಿ, ಸ್ಟೆಪ್ನಿ ಮುಂದಕ್ಕೆ ಹಾಕಿ. ಕೆಲಸ ಜಾಸ್ತಿ, ಆದರೂ ಮಾಡಿ. ಗಾಳಿ 60 ಪಿಎಸ್‌ಐ ಇರಬೇಕು, ವೇಗ ಗಂಟೆಗೆ 50 ಮೈಲಿ ದಾಟಬಾರದು.

ರೋಡ್‌ಸ್ಟರ್94:
ಎಲ್ಲರಿಗೂ ಥ್ಯಾಂಕ್ಸ್. ಡಿಸ್ಕ್ ಅಳೆದೆ, 255. ಸಿವಿಕ್‌ದು ಬಿಟ್ಟೆ. ಸ್ಯಾಕ್ರಮೆಂಟೋದಲ್ಲಿ ಒಬ್ಬರ ಹತ್ತಿರ 1992ರ ಮಿಯಾಟಾದ ಸ್ಟೆಪ್ನಿ ಇದೆಯಂತೆ, ಆ ಗಾಡಿಯ ಎಂಜಿನ್ 1.6 ಲೀಟರ್. ನನ್ನ 1.8ಕ್ಕೆ ಆಗುತ್ತಾ?

ಹಳೇಗಾಡಿಪ್ರಿಯ:
ಹಬ್ಬು, ತೂತು ಎಲ್ಲಾ ಒಂದೇ. 1.6ರ ಮುಂದಿನ ಡಿಸ್ಕ್ 235 ಮಿಮೀ, ಅಷ್ಟೇ ವ್ಯತ್ಯಾಸ. ದುಡ್ಡು ಕೊಡುವ ಮೊದಲು ಅಲ್ಲೇ ಜಾಕ್ ಏರಿಸಿ, ಮುಂದಿನ ಹಬ್ಬಿಗೆ ಹಾಕಿ, ನಾಲ್ಕೂ ನಟ್ ಬಿಗಿದು ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ. ಎಲ್ಲೂ ತಾಗದಿದ್ದರೆ ತಗೊಳ್ಳಿ. ಮತ್ತೆ ಒಂದು ಹಳೇ ಬೆಡ್‌ಶೀಟ್ ಇಟ್ಟುಕೊಳ್ಳಿ. ಪಂಕ್ಚರ್ ಆದ ದೊಡ್ಡ ಚಕ್ರ ಸ್ಟೆಪ್ನಿಯ ಜಾಗದಲ್ಲಿ ಹಿಡಿಯುವುದಿಲ್ಲ, ಪಕ್ಕದ ಸೀಟಿನ ಮೇಲೇ ಇಡಬೇಕಾಗುತ್ತದೆ.